ಕಲಬುರಗಿಯ ಮಳೆನೀರು ಯೋಜನೆ: ಜನರ ಅಭಿಪ್ರಾಯ ಯಾವ ಅಂಕಿಯನ್ನು ಬದಲಿಸಬೇಕು?

ಮಳೆಗಾಲದ ಕೊನೆಯ ಹೊತ್ತಿಗೆ ಕಲಬುರಗಿಯಲ್ಲಿ ಎರಡು ಬಗೆಯ ಸುದ್ದಿ ಅಕ್ಕಪಕ್ಕದಲ್ಲೇ ಅಚ್ಚಾಗುತ್ತವೆ. ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿತು ಎಂಬುದು ಒಂದು. ನಗರದ ತಗ್ಗು ಬಡಾವಣೆಗಳ ಮನೆಗಳಿಗೆ ಗಟಾರದ ನೀರು ಹೊಕ್ಕಿತು ಎಂಬುದು ಇನ್ನೊಂದು. ಇವುಗಳ ಬೆನ್ನಿಗೆ ‘ಮಳೆನೀರು ನಿರ್ವಹಣಾ ಯೋಜನೆಯ ಪರಿಷ್ಕರಣೆ’, ‘ಸಾರ್ವಜನಿಕರಿಂದ ಸಲಹೆ ಮತ್ತು ಆಕ್ಷೇಪಣೆ’ ಎಂಬ ಮಾತುಗಳು ಬರುತ್ತವೆ. ಓದುಗರಿಗೆ ಗೊಂದಲವಾಗುವುದು ಸಹಜ. ಉಕ್ಕಿದ್ದು ನದಿಯಾದರೆ ಪಾಲಿಕೆಯ ಯೋಜನೆ ಏನು ಮಾಡೀತು? ಗಟಾರ ಕಟ್ಟಿದ್ದೇ ಕಾರಣವಾದರೆ ಹೂಳೆತ್ತಿದರೆ ಸಾಲದೇ, ಯೋಜನೆ ಏಕೆ? ಎಂಜಿನಿಯರುಗಳು ಲೆಕ್ಕ ಹಾಕುವ ಕೆಲಸದಲ್ಲಿ ಜನ ಹೇಳುವುದಾದರೂ ಏನು?

ಈ ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು. ಮಳೆನೀರು ಯೋಜನೆ ನೂರಾರು ಪುಟಗಳಿದ್ದರೂ ಅದರ ಫಲ ನಿಂತಿರುವುದು ನಾಲ್ಕೈದು ಅಂಕಿಗಳ ಮೇಲೆ ಮತ್ತು ನಕ್ಷೆಯ ಕೆಲವು ಗೆರೆಗಳ ಮೇಲೆ. ಜನರ ಮಾತು ಅವುಗಳನ್ನು ಮುಟ್ಟಿದರೆ ಯೋಜನೆ ಬದಲಾಗುತ್ತದೆ. ಮುಟ್ಟದಿದ್ದರೆ ಕಡತಕ್ಕೆ ಒಂದು ಹಾಳೆ ಹೆಚ್ಚಾಗುತ್ತದೆ, ಅಷ್ಟೆ.

ಭೀಮೆಯ ಪ್ರವಾಹ ಬೇರೆ, ಬೀದಿಯ ನೀರು ಬೇರೆ

ಭೀಮೆಯ ಪ್ರವಾಹ ಬಹುಮಟ್ಟಿಗೆ ಮೇಲಿನಿಂದ ಬರುವಂಥದ್ದು. ಮಹಾರಾಷ್ಟ್ರದಲ್ಲಿ ಜೋರು ಮಳೆಯಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟಾಗ, ಸೀನಾ ನದಿ ತುಂಬಿ ಬಂದಾಗ, ಸೊನ್ನ ಬ್ಯಾರೇಜಿನ ಕೆಳಗೆ ನದಿ ದಡ ಮೀರುತ್ತದೆ. 2020ರ ಅಕ್ಟೋಬರ್‌ನಲ್ಲೂ 2025ರ ಸೆಪ್ಟೆಂಬರ್‌ನಲ್ಲೂ ಭೀಮಾ ತೀರ ಇದನ್ನು ಕಂಡಿದೆ. ಆ ನೀರು ಬರಲು ಗಂಟೆಗಳು, ಒಮ್ಮೊಮ್ಮೆ ದಿನಗಳೇ ಹಿಡಿಯುತ್ತವೆ. ಎಚ್ಚರಿಕೆ ಕೊಡಲು ಸಮಯವಿರುತ್ತದೆ. ಇಲ್ಲಿ ಹೊಣೆ ನೀರಾವರಿ ಇಲಾಖೆ, ಜಿಲ್ಲಾಡಳಿತ ಮತ್ತು ಎರಡು ರಾಜ್ಯಗಳ ಸಮನ್ವಯದ್ದು.

ಬೀದಿಯ ನೀರಿಗೆ ನದಿ ಬೇಕಿಲ್ಲ. ನಗರದ ಮೇಲೆ ಒಂದು ತಾಸು ಬಿರುಸಾಗಿ ಸುರಿದ ಮಳೆ ಸೂರು, ಅಂಗಳ, ರಸ್ತೆಗಳಿಂದ ಇಳಿದು ಗಟಾರದಲ್ಲಿ ಹಿಡಿಸದೆ ತಗ್ಗಿನ ಮನೆಗೆ ಹೋಗುತ್ತದೆ. ಇದಕ್ಕೆ ಸಿಗುವ ಮುನ್ಸೂಚನೆ ಅರ್ಧ ಗಂಟೆಯೂ ಇರದು. ಇದರ ಹೊಣೆ ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ್ದು, ಮಳೆನೀರು ಯೋಜನೆ ಇರುವುದೂ ಇದಕ್ಕಾಗಿಯೇ. ‘ಮೇಲಿನಿಂದ ನೀರು ಬಿಟ್ಟರು’ ಎಂಬ ಉತ್ತರ ನಗರದೊಳಗಿನ ಬಡಾವಣೆಗೆ ಅನ್ವಯಿಸುವುದಿಲ್ಲ.

ಎರೆ ನೆಲದ ಸ್ವಭಾವ

ಕಲಬುರಗಿ ಕೂತಿರುವುದು ದಖನ್ನಿನ ಕಪ್ಪುಕಲ್ಲಿನ ಮೇಲೆ, ಅದು ಕರಗಿ ಆದ ಎರೆ ಮಣ್ಣಿನ ಮೇಲೆ. ಬೇಸಿಗೆಯಲ್ಲಿ ಈ ನೆಲ ಕೈ ಇಳಿಯುವಷ್ಟು ಬಿರಿಯುತ್ತದೆ. ಮುಂಗಾರಿನ ಮೊದಲ ಹದ ಮಳೆಗಳನ್ನು ಆ ಬಿರುಕುಗಳೇ ನುಂಗುತ್ತವೆ. ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಅದು ನೀರು ಇಂಗಿಸುವುದು ಗಂಟೆಗೆ ಒಂದರಿಂದ ಐದು ಮಿಲಿಮೀಟರಿನಷ್ಟು ಮಾತ್ರ. ಬಿರುಸು ಮಳೆ ಗಂಟೆಗೆ 50 ಮಿ.ಮೀ. ಸುರಿದರೆ ಹತ್ತರಲ್ಲಿ ಒಂಬತ್ತು ಪಾಲು ನೀರು ಮೇಲೆಯೇ ಹರಿಯಬೇಕು. ಜೂನ್‌ನಲ್ಲಿ ಏನೂ ಆಗದ ಓಣಿಯಲ್ಲಿ ಅಷ್ಟೇ ಮಳೆಗೆ ಸೆಪ್ಟೆಂಬರ್‌ನಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಇದಕ್ಕೇ. ವರ್ಷದ ಒಟ್ಟು ಮಳೆ 700–800 ಮಿ.ಮೀ. ಆಸುಪಾಸಿನಲ್ಲಿದೆ, ಆದ್ದರಿಂದ ಇದು ಬರದ ಜಿಲ್ಲೆ ಎಂಬ ಮಾತು ಸರಿ. ಆದರೆ ಗಟಾರದ ಅಳತೆ ನಿರ್ಧರಿಸುವುದು ವರ್ಷದ ಮಳೆಯಲ್ಲ, ಅತಿ ಬಿರುಸಿನ ಒಂದು ತಾಸು.

ಪಕ್ಕದ ಬೀದರಿನ ಕಥೆ ಪೂರ್ತಿ ಬೇರೆ. ಆ ಊರು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಸೂಕ್ಷ್ಮ ರಂಧ್ರಗಳ ಆ ಕಲ್ಲು ನೀರನ್ನು ಕೆಳಗೆ ಬಿಟ್ಟುಕೊಡುತ್ತದೆ, ತಳದ ಕಪ್ಪುಕಲ್ಲು ತಡೆಯುತ್ತದೆ, ಎರಡೂ ಕೂಡುವಲ್ಲಿ ಝರಿ ಏಳುತ್ತದೆ. ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ ನಿಂತಿರುವುದೂ ಈ ಗುಣದ ಮೇಲೆಯೇ. ಬೀದರಿನಲ್ಲಿ ಇಂಗುಗುಂಡಿ ನಿಜಕ್ಕೂ ಕೆಲಸ ಮಾಡುತ್ತದೆ.

ಅದೇ ಗುಂಡಿಯನ್ನು ಕಲಬುರಗಿಯ ಎರೆ ನೆಲದಲ್ಲಿ ತೋಡಿದರೆ ಮಣ್ಣು ನೆನೆದು ಗುಂಡಿ ತೊಟ್ಟಿಯಾಗುತ್ತದೆ, ನೀರು ವಾರಗಟ್ಟಲೆ ನಿಂತು ಸೊಳ್ಳೆಯಾಗುತ್ತದೆ. ಗೋಡೆಗೆ ಹತ್ತಿರವಿದ್ದರೆ ಮಣ್ಣು ಉಬ್ಬಿ ಇಳಿದು ಪಾಯವೇ ಸೀಳಬಹುದು. ಗುಂಡಿ ಎರೆಯನ್ನು ದಾಟಿ ಕೆಳಗಿನ ಮುರುಮ್ (ಅರೆಬರೆ ಕರಗಿದ ಕಲ್ಲುಮಣ್ಣು) ಪದರವನ್ನು ಮುಟ್ಟಬೇಕು, ಅದಕ್ಕೆ ಹೋಗುವುದು ಸೋಸಿದ ಸೂರಿನ ನೀರು ಮಾತ್ರ ಆಗಿರಬೇಕು. ರಸ್ತೆಯ ನೀರನ್ನು ಅಲ್ಲಿಗೆ ಬಿಟ್ಟರೆ ಎಣ್ಣೆ, ಮಲಿನ ಎಲ್ಲವೂ ಬೋರ್‌ವೆಲ್ ಸೇರುತ್ತವೆ. ಹೀಗಿರುವಾಗ ‘ಪ್ರತಿ ಮನೆಗೂ ಇಂಗುಗುಂಡಿ’ ಎಂಬ ಒಂದೇ ಸಾಲನ್ನು ಇಡೀ ನಗರಕ್ಕೆ ಬರೆದ ಯೋಜನೆ ಮಣ್ಣು ನೋಡದೆ ಬರೆದದ್ದು. ಇಲ್ಲಿ ಮೊದಲು ಬೇಕಿರುವುದು ನೀರನ್ನು ತಡೆದು ನಿಧಾನವಾಗಿ ಬಿಡುವ ಜಾಗ.

ಒಂದು ಗಟಾರದ ಲೆಕ್ಕ

ಚರಂಡಿಯ ಅಳತೆಗೆ ಎಂಜಿನಿಯರುಗಳು ಬಳಸುವ ಸೂತ್ರ ಸರಳ. ಮಳೆಯ ಬಿರುಸು (ಗಂಟೆಗೆ ಮಿ.ಮೀ.), ನೀರು ಹರಿದು ಬರುವ ಪ್ರದೇಶ (ಹೆಕ್ಟೇರ್), ಆ ಮಳೆಯಲ್ಲಿ ಎಷ್ಟು ಪಾಲು ಹರಿಯುತ್ತದೆ ಎಂಬ ಗುಣಕ, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂಬುದು ಸಿಗುತ್ತದೆ.

40 ಹೆಕ್ಟೇರ್, ಅಂದರೆ ಸುಮಾರು 100 ಎಕರೆಯ ಒಂದು ಇಳಿಜಾರು ತೆಗೆದುಕೊಳ್ಳೋಣ. ಮಳೆ ಗಂಟೆಗೆ 50 ಮಿ.ಮೀ. ಅದು ಹೊಲವಾಗಿದ್ದಾಗ ಗುಣಕ 0.3 ಎಂದುಕೊಂಡರೆ ಸೆಕೆಂಡಿಗೆ 1.67 ಘನ ಮೀಟರ್ ನೀರು ಬರುತ್ತದೆ. ನೆಲ ಪೂರ್ತಿ ನೆನೆದಿದ್ದರೆ ಇನ್ನೂ ಹೆಚ್ಚು. ಅದೇ ಜಾಗ ನಿವೇಶನ, ಸಿಮೆಂಟ್ ರಸ್ತೆ, ಟೈಲ್ಸ್ ಅಂಗಳವಾಗಿ ಗುಣಕ 0.8ಕ್ಕೆ ಏರಿದರೆ 4.44 ಘನ ಮೀಟರ್. ಮಳೆ ಒಂದಿಷ್ಟೂ ಹೆಚ್ಚಾಗಿಲ್ಲ, ನೀರು ಮಾತ್ರ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಇದನ್ನು ಒಯ್ಯಲು 1.2 ಮೀಟರ್ ಅಗಲ, 1 ಮೀಟರ್ ಆಳದ ಕಾಂಕ್ರೀಟ್ ಗಟಾರ ಇದೆ, 500 ಮೀಟರಿಗೆ 1 ಮೀಟರ್ ಇಳಿಜಾರಿದೆ ಎನ್ನಿ. ತುಂಬಿ ಹರಿದರೂ ಅದು ಒಯ್ಯುವುದು ಸೆಕೆಂಡಿಗೆ ಸುಮಾರು 1.86 ಘನ ಮೀಟರ್. ಹೊಲದ ಕಾಲದ ನೀರಿಗೆ ಸಾಕಿತ್ತು, ಬಡಾವಣೆಯ ಕಾಲಕ್ಕೆ ಅರ್ಧಕ್ಕೂ ಸಾಲದು. ತಳದಲ್ಲಿ 40 ಸೆಂ.ಮೀ. ಹೂಳು ಕೂತರೆ ಅದರ ಸಾಮರ್ಥ್ಯ 0.96ಕ್ಕೆ, ಸರಿಸುಮಾರು ಅರ್ಧಕ್ಕೆ, ಇಳಿಯುತ್ತದೆ. ಮುಂದೆ ವರ್ತುಲ ರಸ್ತೆಯನ್ನೋ ರೈಲು ಹಳಿಯನ್ನೋ ದಾಟುವಲ್ಲಿ 900 ಮಿ.ಮೀ. ವ್ಯಾಸದ ಎರಡು ಕೊಳವೆಗಳ ಮೋರಿ ಇದ್ದರೆ, ಅದೇ ಇಳಿಜಾರಿನಲ್ಲಿ ಅವೆರಡೂ ಸೇರಿ ಬಿಡುವುದು 1.6 ಘನ ಮೀಟರ್ ಮಾತ್ರ. ಮೇಲಿನ ಗಟಾರವನ್ನು ಎಷ್ಟೇ ಅಗಲ ಮಾಡಿದರೂ ಮೋರಿ ಹಾಗೇ ಇದ್ದರೆ ನೀರು ಮೋರಿಯ ಹಿಂದೆ ನಿಂತು ಕೆರೆಯಾಗುತ್ತದೆ. ಗಟಾರ ಅಗಲ ಮಾಡಿದ ಮೇಲೆ ಕೆಳಗಿನ ಓಣಿಯಲ್ಲಿ ಮೊದಲಿಗಿಂತ ಬೇಗ, ಮೊದಲಿಗಿಂತ ಹೆಚ್ಚು ನೀರು ನಿಂತಿತು ಎಂಬ ದೂರು ಬಂದರೆ, ಮೊದಲು ಅಳೆಯಬೇಕಾದದ್ದು ಆ ಮೋರಿಯನ್ನು.

ಹಾಗಾದರೆ 4.44 ಬರುವಾಗ ಗಟಾರ 1.86 ಮಾತ್ರ ಒಯ್ದರೆ ಉಳಿದದ್ದು ಎಷ್ಟು? ಒಂದು ತಾಸಿನ ಮಳೆಗೆ ಸುಮಾರು 9,300 ಘನ ಮೀಟರ್, ಅಂದರೆ 93 ಲಕ್ಷ ಲೀಟರ್. ದೊಡ್ಡದಾಗಿ ಕೇಳಿಸುತ್ತದೆ. ಆದರೆ ಒಂದು ಹೆಕ್ಟೇರ್ ಜಾಗ ಒಂದು ಮೀಟರ್ ತಗ್ಗಾಗಿದ್ದರೆ ಅದಷ್ಟೂ ಅಲ್ಲಿ ಹಿಡಿಸುತ್ತದೆ. 100 ಎಕರೆಯಲ್ಲಿ ಎರಡೂವರೆ ಎಕರೆ. ಬಡಾವಣೆಯಲ್ಲಿ ಉದ್ಯಾನಕ್ಕೆ, ಮೈದಾನಕ್ಕೆ ಬಿಡಲೇಬೇಕಾದ ಜಾಗದಲ್ಲೇ ಇದು ಸಾಧ್ಯ. ಷರತ್ತು ಎರಡು: ಮೈದಾನವನ್ನು ಮಣ್ಣು ತುಂಬಿ ರಸ್ತೆಗಿಂತ ಎತ್ತರ ಮಾಡದೆ ತಗ್ಗಿನಲ್ಲೇ ಇಡಬೇಕು, ಮತ್ತು ತುಂಬಿದ ನೀರು ಒಂದೆರಡು ದಿನದೊಳಗೆ ಸಣ್ಣ ಕೊಳವೆಯ ಮೂಲಕ ಖಾಲಿಯಾಗಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ವಾರದ ಮೇಲೆ ಬೇಕು, ಆದ್ದರಿಂದ ಎರಡು ದಿನದ ನೀರಿನಿಂದ ಆ ಭಯವಿಲ್ಲ.

ಹೂಳು, ಪರಸಿ, ಒಳಚರಂಡಿ

ಲೆಕ್ಕ ಸರಿಯಿದ್ದರೂ ಗಟಾರ ಸೋಲುವುದಕ್ಕೆ ದಿನನಿತ್ಯದ ಕಾರಣಗಳಿವೆ. ಅಂಗಡಿಯ ಮುಂದಿನ ಗಟಾರಕ್ಕೆ ಶಹಾಬಾದಿನ ಪರಸಿ ಹಾಸಿ ಸಿಮೆಂಟ್ ಬಳಿದರೆ ಅದರ ಕೆಳಗಿನ ಹೂಳನ್ನು ಯಾರೂ ತೆಗೆಯಲಾರರು. ಕೆಲವು ಮೀಟರಿಗೊಂದು ಎತ್ತಬಹುದಾದ ಕಬ್ಬಿಣದ ಜಾಲರಿ ಇಟ್ಟರೆ ಅಂಗಡಿಗೂ ದಾರಿ ಉಳಿಯುತ್ತದೆ, ಗಟಾರಕ್ಕೂ ಉಸಿರು ಉಳಿಯುತ್ತದೆ. ಹಳೆಯ ಡಾಂಬರು ಕೆರೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಹೋದರೆ ರಸ್ತೆ ಎತ್ತರವಾಗಿ, ನೀರು ಗಟಾರಕ್ಕೆ ಇಳಿಯುವ ಕಿಂಡಿ ಮುಚ್ಚಿಹೋಗಿ, ಕೊನೆಗೆ ಮನೆಯ ಹೊಸ್ತಿಲು ರಸ್ತೆಗಿಂತ ತಗ್ಗಾಗುತ್ತದೆ.

ಹೂಳೆತ್ತುವ ದಿನಾಂಕವೂ ಮುಖ್ಯ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2010ರ ನಗರ ಪ್ರವಾಹ ಮಾರ್ಗಸೂಚಿ ದೊಡ್ಡ ಚರಂಡಿಗಳ ಹೂಳು ಮಾರ್ಚ್ 31ರೊಳಗೆ ತೆಗೆದಿರಬೇಕು ಎನ್ನುತ್ತದೆ. ಮೇ ಕೊನೆಯಲ್ಲಿ ಟೆಂಡರ್ ಆಗಿ, ತೆಗೆದ ಹೂಳು ದಂಡೆಯಲ್ಲೇ ಬಿದ್ದಿದ್ದರೆ ಮೊದಲ ಮಳೆಗೇ ಅದು ಮತ್ತೆ ಒಳಗೆ ಇಳಿಯುತ್ತದೆ, ಹಣ ಎರಡು ಸಲ ಹೋಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸೂರಿನ ನೀರನ್ನು ಒಳಚರಂಡಿಗೆ ಜೋಡಿಸುವುದು. ಐವರ ಮನೆ ತಲೆಗೆ ದಿನಕ್ಕೆ 135 ಲೀಟರಿನಂತೆ ನೀರು ಬಳಸಿ ಅದರ ನೂರಕ್ಕೆ 80 ಪಾಲು ಒಳಚರಂಡಿಗೆ ಹೋದರೆ ದಿನಕ್ಕೆ 540 ಲೀಟರ್. ಅದೇ ಮನೆಯ 100 ಚದರ ಮೀಟರ್ ಸೂರಿನಿಂದ ಆ ಬಿರುಸಿನ ಮಳೆಯಲ್ಲಿ ಒಂದು ತಾಸಿಗೆ ಇಳಿಯುವುದು ಸುಮಾರು 4,500 ಲೀಟರ್. ಎಂಟು ದಿನದ ಕೊಳಚೆಯಷ್ಟು ನೀರು ಒಂದೇ ತಾಸಿನಲ್ಲಿ ಸಣ್ಣ ಕೊಳವೆಗೆ ನುಗ್ಗಿದರೆ ಇಳಿಜಾರಿನ ಕೆಳಗಿನ ಮ್ಯಾನ್‌ಹೋಲ್ ಉಕ್ಕಲೇಬೇಕು. ಮೇಲಿನ ಮನೆಯವರ ಅನುಕೂಲಕ್ಕೆ ಕೆಳಗಿನ ಮನೆಯವರು ಮಲದ ನೀರು ಬಳಿಯಬೇಕಾಗುತ್ತದೆ.

ಯಾರ ವಾದ ಏನು?

ಎಂಜಿನಿಯರಿಂಗ್ ವಿಭಾಗಗಳ ಒಲವು ಸಾಮಾನ್ಯವಾಗಿ ಅಗಲವಾದ, ನೇರವಾದ ಕಾಂಕ್ರೀಟ್ ನಾಲಾ ಕಡೆಗೆ. ನೀರು ಬೇಗ ಹೊರಹೋಗುತ್ತದೆ, ಹೂಳೆತ್ತುವುದು ಸುಲಭ, ಗಡಿ ಗಟ್ಟಿಯಾಗುತ್ತದೆ. ಈ ವಾದದಲ್ಲಿ ಹುರುಳಿದೆ. ದೋಷ ಇರುವುದು ಬೇಗ ಹೋದ ನೀರು ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. ಊರಾಚೆಯ ಹಳ್ಳದ ದಂಡೆಯ ರೈತರಿಗೆ ನಗರದ ಇಡೀ ನೀರು ಕಡಿಮೆ ಹೊತ್ತಿನಲ್ಲಿ, ಕೊಳಚೆಯ ಸಮೇತ, ಬಂದು ಬೀಳುತ್ತದೆ. ತೊಗರಿ ಹೊಲದಲ್ಲಿ ಎರಡು ಮೂರು ದಿನ ನೀರು ನಿಂತರೆ ಬೇರು ಕೊಳೆಯುತ್ತದೆ. ಆ ರೈತರು ಪಾಲಿಕೆಯ ಗಡಿಯ ಹೊರಗಿನವರು, ಸಭೆಗೆ ಕರೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಪರಿಸರದ ಪರವಾಗಿ ಮಾತಾಡುವವರು ನಾಲಾ ತಳಕ್ಕೆ ಕಾಂಕ್ರೀಟ್ ಬೇಡ, ನೀರು ಇಂಗಲಿ ಎನ್ನುತ್ತಾರೆ. ಎರೆ ಮಣ್ಣಿನ ಪಟ್ಟಿಯಲ್ಲಿ ಈ ವಾದದ ಬಲ ಕಡಿಮೆ, ಏಕೆಂದರೆ ಅಲ್ಲಿ ತಳ ಬಿಟ್ಟರೂ ಇಂಗುವುದು ಅಷ್ಟಕ್ಕಷ್ಟೇ. ನಾಲಾ ಮುರುಮ್‌ವರೆಗೆ ಕೊರೆದಿರುವ ಕಡೆ ಮಾತ್ರ ಅವರ ಮಾತು ನೂರಕ್ಕೆ ನೂರು ಸರಿ. ಉಳಿದೆಡೆ ಅವರು ಗಟ್ಟಿಯಾಗಿ ಹಿಡಿಯಬೇಕಾದದ್ದು ಅಗಲವನ್ನು: ಹತ್ತು ಮೀಟರಿನ ಹಳ್ಳವನ್ನು ಮೂರು ಮೀಟರಿನ ಪೆಟ್ಟಿಗೆ ಮಾಡಿದಾಗ ಕಳೆದುಹೋಗುವುದು ನೀರು ಹರಡಿಕೊಳ್ಳುವ ಜಾಗ.

ಕೆರೆಗಳದ್ದು ಇನ್ನೊಂದು ತಕರಾರು. ಅಪ್ಪನ ಕೆರೆಯಂಥ ಜಾಗದಲ್ಲಿ ದೋಣಿ ವಿಹಾರಕ್ಕೆ, ನೋಟಕ್ಕೆ ವರ್ಷವಿಡೀ ತುಂಬಿದ ನೀರು ಬೇಕು. ನೆರೆ ತಡೆಯಲು ಮಾತ್ರ ಸೆಪ್ಟೆಂಬರಿಗೆ ಮುಂಚೆ ಕೆರೆಯಲ್ಲಿ ಖಾಲಿ ಜಾಗ ಇರಬೇಕು. ಒಂದು ಹೆಕ್ಟೇರಿಗೆ ಅರ್ಧ ಮೀಟರ್ ಮಟ್ಟ ಇಳಿಸಿದರೆ 50 ಲಕ್ಷ ಲೀಟರಿಗೆ ಜಾಗವಾಗುತ್ತದೆ. ಯಾವ ತಿಂಗಳು ಯಾವ ಮಟ್ಟ, ತೂಬು ತೆರೆಯುವವರು ಯಾರು ಎಂಬುದನ್ನು ಯೋಜನೆಯಲ್ಲೇ ಬರೆಯದಿದ್ದರೆ ನೋಟವೇ ಗೆಲ್ಲುತ್ತದೆ. ಬಹಮನಿ ಕೋಟೆಯ ಕಂದಕಕ್ಕೂ ಇದೇ ಪ್ರಶ್ನೆ ಕೇಳಬಹುದು. ಊರ ನಡುವಿನ ಆ ತಗ್ಗನ್ನು ಕಸದಿಂದ ಕಾಪಾಡಿದರೆ ಅದು ಸ್ಮಾರಕವೂ ಹೌದು, ಮಳೆನೀರಿನ ಆಸರೆಯೂ ಹೌದು. ಸ್ಮಾರಕವಾದ್ದರಿಂದ ಪುರಾತತ್ವ ಇಲಾಖೆಯ ಒಪ್ಪಿಗೆ ಇಲ್ಲದೆ ಅಲ್ಲಿ ಕೊಳವೆಯೊಂದನ್ನೂ ಜೋಡಿಸಲಾಗದು, ಕೊಳಚೆ ಬೆರೆತ ನೀರನ್ನಂತೂ ಬಿಡಲೇಬಾರದು.

ನಾಲಾದ ಗೆರೆ ಮತ್ತು ಅಂಚು

ನಿಜವಾದ ಜಗಳ ಇರುವುದು ಇಲ್ಲಿ. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ನಾಲಾಗಳ ಗೆರೆ ಇರುತ್ತದೆ, ಪಹಣಿಯಲ್ಲಿ ಆ ಜಾಗ ‘ಬ’ ಖರಾಬು ಎಂದು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ಎಂದು, ದಾಖಲಾಗಿರುತ್ತದೆ. ಬಡಾವಣೆಯ ನಕ್ಷೆಯಲ್ಲಿ ಆ ಗೆರೆ ಒಮ್ಮೊಮ್ಮೆ ರಸ್ತೆಯಾಗಿರುತ್ತದೆ, ಒಮ್ಮೊಮ್ಮೆ ಕಾಣೆಯಾಗಿರುತ್ತದೆ. ನೆಲ ಮಾತ್ರ ಮರೆತಿರುವುದಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಅದನ್ನು ಗ್ರಾಮ ನಕ್ಷೆಯ ಜೊತೆ ಹೋಲಿಸಿದರೆ ನೀರು ನಿಲ್ಲುವ ಓಣಿಯ ಅಡಿಯಲ್ಲಿ ಹಳೆಯ ಹಳ್ಳ ಇದೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಕೆರೆಯ ಅಂಚಿನ ವಿಚಾರದಲ್ಲಿ ಕಾನೂನು ಕೂಡ ಅಲುಗಾಡುತ್ತಿದೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಕಾಯ್ದಿರಿಸಿತ್ತು. ಅದನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಡಿಮೆ ಮಾಡುವ ತಿದ್ದುಪಡಿ ಮಸೂದೆಗೆ 2025ರಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಸಣ್ಣ ಕೆರೆಯ ಪಕ್ಕದ ನಿವೇಶನದಾರರಿಗೆ ಇದರಿಂದ ನಿರಾಳ. ಆದರೆ ಕೆರೆಗೆ ನೀರು ತರುವ ಕಾಲುವೆಗೂ ಕೋಡಿಗೂ ಅಂಚು ಉಳಿಯದಿದ್ದರೆ ಕೆರೆ ಇದ್ದೂ ಪ್ರಯೋಜನವಿಲ್ಲ.

ತೆರವಿನ ಪ್ರಶ್ನೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ನಾಲಾ ದಂಡೆಯ ಗುಡಿಸಲುಗಳು. ಹರಿವಿಗೆ ಅಡ್ಡವಾಗಿರುವುದು ಎಷ್ಟೋ ವೇಳೆ ಮೇಲ್ಭಾಗದಲ್ಲಿ ಮೋರಿ ಕಿರಿದು ಮಾಡಿ ಎದ್ದ ಪಕ್ಕಾ ಕಟ್ಟಡ. ಎಲ್ಲಿ ಎಷ್ಟು ಹರಿವು ತಡೆಯಲ್ಪಟ್ಟಿದೆ ಎಂಬ ಅಳತೆಯ ಕ್ರಮದಲ್ಲಿ ತೆರವಿನ ಪಟ್ಟಿ ಇರಬೇಕು, ಬಡವರಿಗೆ ಬದಲಿ ಮನೆ ಮೊದಲು ಸಿಗಬೇಕು. ಇದನ್ನು ಸಭೆಯಲ್ಲಿ ಕೇಳುವುದು ದಯೆಯ ಮಾತಲ್ಲ, ಲೆಕ್ಕದ ಮಾತೇ.

ಅಭಿಪ್ರಾಯ ಕೊಡುವುದು ಹೇಗೆ, ಯಾವಾಗ?

‘ನಮ್ಮ ಓಣಿಯ ಸಮಸ್ಯೆ ಬಗೆಹರಿಸಿ’ ಎಂಬ ಮನವಿಯಿಂದ ಯೋಜನೆಯ ಯಾವ ಅಂಕಿಯೂ ಬದಲಾಗುವುದಿಲ್ಲ. ಬದಲಾಗುವುದು ಇಂಥದ್ದರಿಂದ: ಯಾವ ತಾರೀಖು, ಮಳೆ ಎಷ್ಟು ಹೊತ್ತಿಗೆ ಶುರುವಾಯಿತು, ನೀರು ಎಷ್ಟು ಹೊತ್ತಿಗೆ ಬಂತು, ಹೊಸ್ತಿಲಿನಿಂದ ಎಷ್ಟು ಗೇಣು ಅಥವಾ ಸೆಂಟಿಮೀಟರ್ ಏರಿತು, ಯಾವ ದಿಕ್ಕಿನಿಂದ ಬಂತು, ಎಷ್ಟು ತಾಸು ನಿಂತಿತು, ಮಲದ ವಾಸನೆ ಇತ್ತೇ ಇಲ್ಲವೇ. ಗೋಡೆಯ ಮೇಲೆ ಉಳಿದ ನೀರಿನ ಗುರುತಿಗೆ ಟೇಪ್ ಹಿಡಿದು ತೆಗೆದ ಫೋಟೊ ಒಂದು ಸಾಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ನಗರಗಳಿಗೆ 2010ರ ಮಾರ್ಗಸೂಚಿ ಹೇಳುವುದು ನಾಲ್ಕು ಚದರ ಕಿಲೋಮೀಟರಿಗೊಂದು ಸ್ವಯಂಚಾಲಿತ ಮಾಪಕ. ಅಷ್ಟು ಮಾಪಕಗಳು ಇಲ್ಲದ ಕಡೆ ಮಳೆಯ ಸ್ಥಳೀಯ ಬಿರುಸು ಜನರ ಈ ದಾಖಲೆಯಿಂದಲೇ ಗೊತ್ತಾಗಬೇಕು.

ಹೊತ್ತು ಕೂಡ ಅಷ್ಟೇ ಮುಖ್ಯ. ವಿವರ ಯೋಜನಾ ವರದಿ ಸಿದ್ಧವಾಗಿ ಟೆಂಡರ್ ಹೊರಟ ಮೇಲೆ ಕರೆದ ಸಭೆಯಲ್ಲಿ ಬದಲಾಗುವುದು ಹೆಚ್ಚೆಂದರೆ ಜಾಲರಿಯ ಬಣ್ಣ. ಅಳತೆಗಳನ್ನು ನಿಗದಿ ಮಾಡುವ ಮುನ್ನವೇ ಒಂದು ಸುತ್ತು, ಕರಡು ಬಂದ ಮೇಲೆ ಇನ್ನೊಂದು ಸುತ್ತು ಬೇಕು. ನಗರದ ಮಹಾಯೋಜನೆಗೆ (ಮಾಸ್ಟರ್ ಪ್ಲಾನ್) 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 60 ದಿನಗಳ ಆಕ್ಷೇಪಣೆಯ ಅವಧಿ ಇದೆ. ನಾಲಾ ಗೆರೆಗಳು ಕಾನೂನಿನ ಬಲ ಪಡೆಯುವುದು ಆ ನಕ್ಷೆಯಲ್ಲಿ ಸೇರಿದಾಗ. ಮಳೆನೀರು ಯೋಜನೆಯಲ್ಲಿ ಮಾತ್ರ ಇದ್ದು ಮಹಾಯೋಜನೆಯಲ್ಲಿ ಇಲ್ಲದ ಗೆರೆಯ ಮೇಲೆ ನಾಳೆ ಬಡಾವಣೆಗೆ ಅನುಮೋದನೆ ಸಿಕ್ಕಿಬಿಡಬಹುದು. ಎರಡೂ ಕಡೆ ಆಕ್ಷೇಪಣೆ ಕೊಡಬೇಕು.

ಕರಡಿನಲ್ಲಿ ಹುಡುಕಬೇಕಾದ ಮೊದಲ ಅಂಕಿ: ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಗೆ ಗಟಾರ ಕಟ್ಟುತ್ತಿದ್ದೀರಿ? ಕೇಂದ್ರ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯದ 2019ರ ಕೈಪಿಡಿಯ ಪ್ರಕಾರ ಅತಿದೊಡ್ಡ ಮಹಾನಗರಗಳ ಕೇಂದ್ರ ಭಾಗಕ್ಕೆ ಐದು ವರ್ಷಕ್ಕೊಮ್ಮೆ ಬರುವ ಮಳೆ ಆಧಾರವಾದರೆ, ಅವಕ್ಕಿಂತ ಚಿಕ್ಕ ನಗರಗಳಿಗೆ ಎರಡು ವರ್ಷಕ್ಕೊಮ್ಮೆ ಬರುವ ಮಳೆ, ಅಂಚಿನ ಬಡಾವಣೆಗಳಿಗೆ ವರ್ಷಕ್ಕೊಮ್ಮೆ ಬರುವ ಮಳೆ. ಅಂದರೆ ನಿಯಮದಂತೆ ಕಟ್ಟಿದ ಗಟಾರವೂ ಎರಡು ವರ್ಷಕ್ಕೊಮ್ಮೆ ಉಕ್ಕುವುದು ಲೆಕ್ಕದೊಳಗಿನದೇ. ಆಸ್ಪತ್ರೆ, ಮಾರುಕಟ್ಟೆ, ರೈಲ್ವೆ ಕೆಳಸೇತುವೆಗಳ ಬಳಿ ಅದಕ್ಕಿಂತ ಹೆಚ್ಚಿನ ಮಟ್ಟ ಬೇಕೆಂದು ಕೇಳುವ ಹಕ್ಕು ಜನರಿಗಿದೆ. ಅದಕ್ಕೆ ಖರ್ಚು ಹೆಚ್ಚು ಎಂಬುದನ್ನೂ ಅದೇ ಸಭೆಯಲ್ಲಿ ಹೇಳಬೇಕು. ನಂತರ ಹರಿವಿನ ಗುಣಕ: ಇಂದಿನ ಖಾಲಿ ನಿವೇಶನಗಳನ್ನು ಖಾಲಿ ಎಂದೇ ಎಣಿಸಿದ್ದಾರೋ, ಪೂರ್ತಿ ಕಟ್ಟಿದ ಮೇಲಿನ ಸ್ಥಿತಿಯನ್ನು ಹಿಡಿದಿದ್ದಾರೋ? 2010ರ ಮಾರ್ಗಸೂಚಿ 0.95ರವರೆಗೆ ಹಿಡಿಯಿರಿ ಎನ್ನುತ್ತದೆ. ಆಮೇಲೆ ಪ್ರತಿ ಮೋರಿಯ ಸಾಮರ್ಥ್ಯ, ಕೊನೆಯ ಹಳ್ಳ ತುಂಬಿದಾಗ ಅದರ ನೀರಿನ ಮಟ್ಟ ಗಟಾರದ ಬಾಯಿಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು. ಮೇಲಿದ್ದರೆ ನೀರು ಹಿಂದಕ್ಕೇ ನೂಕುತ್ತದೆ, ಗಟಾರ ಎಷ್ಟು ದೊಡ್ಡದಾದರೂ ಸರಿ.

ಮೂರು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳಿದೆ. ಕಲಬುರಗಿ 2011ರ ಜನಗಣತಿಯಲ್ಲೇ ಐದು ಲಕ್ಷ ದಾಟಿತ್ತು. ಟೌನ್‌ಹಾಲಿನ ಒಂದು ಸಭೆಗಿಂತ ನೀರು ನಿಲ್ಲುವ ವಾರ್ಡುಗಳಲ್ಲಿ ಸಂಜೆ ಹೊತ್ತು, ಕೂಲಿ ಮುಗಿದ ಮೇಲೆ, ನಡೆಸುವ ಸಭೆಯಲ್ಲಿ ಸತ್ಯ ಹೊರಬರುತ್ತದೆ. ನೀರು ಬಳಿಯುವವರು ಬಹುತೇಕ ಹೆಂಗಸರು, ಯಾವ ಮಳೆಗೆ ಎಲ್ಲಿವರೆಗೆ ಏರಿತು ಎಂಬುದು ಅವರಿಗೇ ಗೊತ್ತು. ಕರಡು ಇಂಗ್ಲಿಷ್ ಪಿಡಿಎಫ್ ಆಗಿ ಮಾತ್ರ ಇರದೆ ಕನ್ನಡದಲ್ಲೂ ಉರ್ದುವಿನಲ್ಲೂ ಇರಬೇಕು, ನಕ್ಷೆಯ ಮೇಲೆ ಗಟಾರದ ಉದ್ದಕ್ಕೂ ದೂರ ಹೇಳುವ ಚೈನೇಜ್ ಸಂಖ್ಯೆಗಳ ಜೊತೆ ಮಸೀದಿ, ಗುಡಿ, ಶಾಲೆ, ಚೌಕಗಳ ಹೆಸರಿರಬೇಕು. ಬಂದ ಪ್ರತಿ ಆಕ್ಷೇಪಣೆಗೆ ಒಪ್ಪಿದೆಯೋ ಇಲ್ಲವೋ, ಇಲ್ಲವಾದರೆ ಏಕೆ ಎಂಬ ಉತ್ತರದ ಪಟ್ಟಿಯನ್ನು ಪಾಲಿಕೆ ಪ್ರಕಟಿಸಬೇಕು.

ಮುಂದೆ ಏನಾಗಬಹುದು?

ಪರಿಷ್ಕರಣೆ ಬರೀ ಗಟಾರ ಅಗಲೀಕರಣದ ಪಟ್ಟಿಯಾದರೆ ಮೇಲಿನ ಬಡಾವಣೆಗಳಿಗೆ ಒಂದೆರಡು ಮಳೆಗಾಲ ಅನುಕೂಲ, ಕೆಳಗಿನವರಿಗೆ ಮೊದಲಿಗಿಂತ ತೊಂದರೆ. ತಡೆಯುವ ಜಾಗಗಳನ್ನು ಸೇರಿಸಿದರೆ ಖರ್ಚು ಕಡಿಮೆಯಾಗುತ್ತದೆ, ಆದರೆ ಮೈದಾನವನ್ನು ತಗ್ಗಾಗಿ ಇಡಲು ನಿವಾಸಿಗಳು ಒಪ್ಪಬೇಕು. ಆ ಒಪ್ಪಿಗೆಯನ್ನು ಯಾವ ಆದೇಶವೂ ತರಲಾರದು, ಸಭೆಯಿಂದಲೇ ಬರಬೇಕು. ಗುಣಕ ಏರಿಸಿದರೆ ಹೊಸ ಬಡಾವಣೆಯ ಮಾಲೀಕರ ಖರ್ಚು ಏರುತ್ತದೆ, ವಿರೋಧ ಮೊದಲು ಬರುವುದು ಅಲ್ಲಿಂದ. ಹೊಸ ಬಡಾವಣೆಯಿಂದ ಹೊರಬೀಳುವ ನೀರು ಹೊಲವಿದ್ದಾಗ ಬರುತ್ತಿದ್ದುದಕ್ಕಿಂತ ಹೆಚ್ಚಾಗಬಾರದು ಎಂಬ ಒಂದು ಷರತ್ತನ್ನು ಅನುಮೋದನೆಗೆ ಕಟ್ಟಿದರೆ ಆ ಖರ್ಚು ನಿವೇಶನದ ಬೆಲೆಯಲ್ಲಿ ಸೇರುತ್ತದೆ. ಕಟ್ಟದಿದ್ದರೆ ಅದೇ ಖರ್ಚು ಕೆಳಗಿನ ಓಣಿಯ ನೆನೆದ ಹಾಸಿಗೆ, ಕೆಟ್ಟ ಫ್ರಿಜ್, ಮಕ್ಕಳ ವಾಂತಿಭೇದಿಯಾಗಿ ಬೇರೆಯವರ ತಲೆಗೆ ಬೀಳುತ್ತದೆ. ಕರಡು ಕೈಗೆ ಬಂದಾಗ ಆ ಷರತ್ತು ಅದರಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು, ಇಲ್ಲದಿದ್ದರೆ ಮೊದಲ ಆಕ್ಷೇಪಣೆ ಅದೇ ಆಗಬೇಕು.